ಬಿಳಿ ಬಾವುಟದ ಮನೆಯಲ್ಲಿ ಸಿಂಚನಾಳ ಹೆಸರು

ಹೊಳೆನರಸೀಪುರ

ಚನ್ನರಾಯಪಟ್ಟಣದ ನಮ್ಮ ನೆಂಟರು ಹೇಳುವ ಕತೆ ಹೀಗಿದೆ. ಮಗಳನ್ನು ಕಳೆದುಕೊಂಡು ಮಾತು ಬಿಟ್ಟಿದ್ದ ನಮ್ಮ ಚಿಕ್ಕಮ್ಮ ಶ್ರೀಲಂಕಾಕ್ಕೆ ಹೋದಳು. ಅಲ್ಲೊಬ್ಬರು ಬೌದ್ಧ ಸ್ವಾಮಿಗಳು ಮಂತ್ರ ಹೇಳಿ ಅವಳ ಕೈಗೆ ಬಿಳಿ ದಾರ ಕಟ್ಟಿದರು. ಕಟ್ಟಿದ ತಕ್ಷಣ ದುಃಖ ಇಳಿದುಹೋಯಿತು. ಈ ಕತೆ ಹೊಳೆನರಸೀಪುರದ ನಮ್ಮ ಬೀದಿಗೆ ಬರುವ ಹೊತ್ತಿಗೆ ಸ್ವಾಮಿಗಳಿಗೆ ನೂರು ವರ್ಷ ತುಂಬಿರುತ್ತದೆ, ಅವರು ಅನ್ನ ಬಿಟ್ಟು ಬರೀ ಗಾಳಿ ಕುಡಿದು ಬದುಕುತ್ತಿರುತ್ತಾರೆ.

ನಾನು ಜೊತೆಯಲ್ಲಿದ್ದೆ. ಭಿಕ್ಷುವಿಗೆ ನನಗಿಂತ ಮೂರ್ನಾಲ್ಕು ವರ್ಷ ಹೆಚ್ಚಿರಬಹುದು ಅಷ್ಟೆ. ನೆಗಡಿಯಾಗಿತ್ತು, ಅರ್ಧ ಪಠಣ ಮೂಗಿನಲ್ಲೇ ನಡೆಯಿತು. ಅವರು ಊಟ ಮಾಡಿದ್ದನ್ನೂ ನೋಡಿದ್ದೇನೆ, ಕುಂಬಳಕಾಯಿ ಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡರು. ದಾರ ಕಟ್ಟಿದ್ದು ನಿಜ. ನನಗೂ ಕಟ್ಟಿದರು. ನನ್ನ ಬಾಯಿ ಕಡಿಮೆಯಾಗಿದೆಯಾ ಅಂತ ನಮ್ಮಮ್ಮನನ್ನು ಕೇಳಿ ನೋಡಿ. ದಾರದ ವಾದ ಅಲ್ಲಿಗೆ ಮುಗಿಯಿತು.

ಇನ್ನೂ ಒಂದು ತಿದ್ದುಪಡಿ ಇದೆ. ಚಿಕ್ಕಮ್ಮನ ದುಃಖ ಇಳಿದಿಲ್ಲ. ಹಾಗಾದರೆ ಇಳಿದಿದ್ದೇನು ಅನ್ನುವುದನ್ನು ಹೇಳಬೇಕೆಂದರೆ ಸಿಂಚನಾಳಿಂದ ಶುರುಮಾಡಬೇಕು.

ಸಿಂಚನ ಚಿಕ್ಕಮ್ಮನ ಒಬ್ಬಳೇ ಮಗಳು. ಹಾಸನದಲ್ಲಿ ಮೊದಲ ವರ್ಷದ ಡಿಗ್ರಿ ಓದುತ್ತಿದ್ದಳು. ಹೋದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂತು, ವಾರದೊಳಗೆ ಹೋದಳು. ತಿಥಿ ಮುಗಿದ ಮಾರನೇ ದಿನ ಚಿಕ್ಕಪ್ಪ ಅವಳ ಫೋಟೊ ಇಳಿಸಿ ಅಟ್ಟಕ್ಕೆ ಹಾಕಿದರು. ಅರಕಲಗೂಡಿನಲ್ಲಿ ಅವರದು ಗೊಬ್ಬರದ ಅಂಗಡಿ. ಅಂಗಡಿಗೆ ಬಂದವರು ಯಾರಾದರೂ "ಪಾಪ, ಮಗಳು..." ಅಂತ ಬಾಯಿ ತೆರೆದರೆ "ಯೂರಿಯಾ ಬೇಕಾ ಡಿಎಪಿ ಬೇಕಾ" ಅಂತ ಕೇಳುತ್ತಿದ್ದರು. ಮನೆಯಲ್ಲಿ ಆ ಹೆಸರು ಯಾರೂ ಎತ್ತುವ ಹಾಗಿರಲಿಲ್ಲ. ಇನ್ನು ನೋಡಲು ಬಂದ ಹೆಂಗಸರೆಲ್ಲ ಚಿಕ್ಕಮ್ಮನಿಗೆ ಹೇಳಿದ್ದು ಒಂದೇ ಮಾತು: "ಅಳ್ಬ್ಯಾಡ ಕಣವ್ವ. ನೀನತ್ರೆ ಮಗೀನ ಜೀವಕ್ಕೆ ನೆಮ್ಮದಿ ಇರಕಿಲ್ಲ."

ಚಿಕ್ಕಮ್ಮ ಹೇಳಿದ ಮಾತು ಕೇಳುವವಳು. ಅಳು ನಿಲ್ಲಿಸಿದಳು. ಅದರ ಜೊತೆಗೆ ಮಾತು, ಊಟ, ನಿದ್ದೆ ಒಂದೊಂದೇ ನಿಂತವು. ರವಿಕೆ ತೋಳಲ್ಲಿ ಇನ್ನೊಂದು ತೋಳು ತೂರುವಷ್ಟು ಇಳಿದುಹೋದಳು. ಕೊಲಂಬೊದ ಒಂದು ಕಾಲೇಜು ಚರ್ಚಾ ಸ್ಪರ್ಧೆಗೆ ನನ್ನನ್ನು ತೀರ್ಪುಗಾರ್ತಿಯಾಗಿ ಕರೆದಾಗ ಅಮ್ಮ ಹೇಳಿದಳು, "ಅವಳ್ನೂ ಕರ್ಕೊಂಡು ಹೋಗು ಮೇಘಾ. ಇಲ್ಲೇ ಬಿಟ್ರೆ ಮಗಳ ಹಿಂದೇನೇ ಹೋಗ್ಬಿಡ್ತಾಳೆ." ಅಮ್ಮ ಹಾಗೆಲ್ಲ ಸುಮ್ಮನೆ ಹೆದರುವವಳಲ್ಲ.

ಕೊಲಂಬೊ

ಸ್ಪರ್ಧೆಯ ವಿಷಯ "ಧರ್ಮ ದುಃಖಕ್ಕೆ ಮದ್ದೇ ಅಥವಾ ಮಂಪರೇ". ಮದ್ದು ಅಂದವರು ಗೆದ್ದರು. ನಾನು ಮಂಪರು ಅಂದವರಿಗೆ ಅಂಕ ಕೊಟ್ಟಿದ್ದೆ. ಚಿಕ್ಕಮ್ಮ ಕೊನೆ ಸಾಲಿನಲ್ಲಿ ಬ್ಯಾಗು ತಬ್ಬಿಕೊಂಡು ಕೂತಿದ್ದಳು, ಒಂದಕ್ಷರ ಅರ್ಥವಾಗದಿದ್ದರೂ ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿದಳು.

ಕರುಣೆಯ ನಾಡು ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರಲ್ಲ, ಅದನ್ನು ನಂಬಿ ಬರುವವರಿಗೆ ಒಂದು ಮಾತು. ಇದೇ ನಾಡು ದಶಕಗಳ ಕಾಲ ಯುದ್ಧವನ್ನೂ ಮಾಡಿದೆ. ಬುದ್ಧನ ಮೂರ್ತಿ ಇಟ್ಟುಕೊಂಡ ಬಸ್ಸಿನ ಡ್ರೈವರು ಎದುರಿನ ಸೈಕಲ್ಲಿನವನಿಗೆ ಬೈದದ್ದು ಕೇಳಿದರೆ ನಮ್ಮ ಹಾಸನದ ಬಸ್‌ಸ್ಟ್ಯಾಂಡೇ ಜ್ಞಾಪಕಕ್ಕೆ ಬರುತ್ತದೆ. ಜಾತಕ, ಮುಹೂರ್ತ, ದೃಷ್ಟಿಬೊಂಬೆ ಎಲ್ಲವೂ ಇಲ್ಲೂ ಇವೆ. ಅಮ್ಮನಿಗೆ ಅಮ್ಮ ಅನ್ನುತ್ತಾರೆ, ಅಕ್ಕನಿಗೆ ಅಕ್ಕ ಅನ್ನುತ್ತಾರೆ. ಬೀದಿಯಲ್ಲಿ ಹಣ್ಣು ಮಾರುವವಳು "ಅಕ್ಕೇ" ಅಂತ ಕೂಗಿದಾಗ ಚಿಕ್ಕಮ್ಮ ಗಕ್ಕನೆ ತಿರುಗಿ ನೋಡಿದಳು. ಆ ಪ್ರಯಾಣದಲ್ಲಿ ಅವಳು ತಾನಾಗಿ ಮಾಡಿದ ಮೊದಲ ಕೆಲಸ ಅದು.

ಸ್ಪರ್ಧೆ ಮುಗಿದ ಮೇಲೆ ಅನುರಾಧಪುರಕ್ಕೆ ಹೋಗೋಣ, ದಾರಿಯಲ್ಲಿ ಕುರುನೇಗಲದ ಹತ್ತಿರ ಒಂದು ಹಳ್ಳಿಯಲ್ಲಿ ತಂಗೋಣ ಅಂತ ನನ್ನ ಲೆಕ್ಕ. ಅನುರಾಧಪುರವನ್ನು ನಾವು ಇವತ್ತಿಗೂ ನೋಡಿಲ್ಲ.

ಕುರುನೇಗಲದ ಹಳ್ಳಿ

ತಂಗುಮನೆಯ ಒಡತಿ ಕುಮಾರಿ ಅಕ್ಕ, ನಿವೃತ್ತ ಇಂಗ್ಲಿಷ್ ಟೀಚರು. ಸುತ್ತ ಎಲ್ಲಿ ನೋಡಿದರೂ ತೆಂಗು. ಚಿಕ್ಕಮ್ಮನ ತವರು ಬಾಗೂರಿನ ಕಡೆ, ತೆಂಗಿನ ಸೀಮೆಯವಳು. ಬಸ್ಸಿನ ಕಿಟಕಿಯಿಂದಲೇ, "ಗೊನೆ ಚೆನ್ನಾಗವೆ. ಬುಡಕ್ಕೆ ಮಣ್ಣು ಕೊಟ್ಟಿಲ್ಲ," ಅಂತ ತಕರಾರು ತೆಗೆದಳು. ನನಗೆ ಖುಷಿಯಾಯಿತು. ತಕರಾರು ತೆಗೆಯುವವರು ಬದುಕುತ್ತಾರೆ ಅನ್ನುವುದು ನನ್ನ ಸಿದ್ಧಾಂತ.

ನಾವು ಹೋಗುವಾಗ ಕುಮಾರಿ ಅಕ್ಕ ಮನೆಯಲ್ಲಿರಲಿಲ್ಲ, ಬೀಗದ ಕೈ ಕಿಟಕಿಯಲ್ಲಿತ್ತು. ಸಾಯಂಕಾಲ ಹೊರಗೆ ಬಂದರೆ ರಸ್ತೆಯ ಎರಡೂ ಕಡೆ ಹಗ್ಗ ಕಟ್ಟಿ, ಉದ್ದಕ್ಕೂ ಪುಟ್ಟ ಪುಟ್ಟ ಬಿಳಿ ಬಾವುಟ ಇಳಿಬಿಟ್ಟಿದ್ದರು. ಜನ ಬಿಳಿ ಬಟ್ಟೆ ಉಟ್ಟು ಒಂದೇ ಕಡೆ ನಡೆಯುತ್ತಿದ್ದರು.

"ದೇವಸ್ಥಾನದಲ್ಲಿ ಏನೋ ಐತೆ ಕಣೇ," ಅಂದಳು ಚಿಕ್ಕಮ್ಮ.

"ಪಾರ್ಟಿಯವರ ಮೀಟಿಂಗ್ ಇರಬೇಕು."

"ಬಿಳೀ ಬಾವುಟದ ಪಾರ್ಟಿ ಯಾವ್ದಾದ್ರೂ ಐತಾ? ಬಾ, ಬರಿಗೈಲಿ ಓಗಬಾರ್ದು."

ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟಳು, ಹಸಿರಿಗೆ ಕೆಂಪು ಅಂಚು. ಹಣೆಗೆ ಕುಂಕುಮ ಇಟ್ಟಳು. ಅಂಗಡಿಯಲ್ಲಿ ಒಂದು ತೆಂಗಿನಕಾಯಿ, ಬಾಳೆಹಣ್ಣು ಕೊಂಡಳು. ತಿಂಗಳುಗಳ ನಂತರ ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡದ್ದು ನೋಡಿ ನಾನು ತೆಪ್ಪಗೆ ಹಿಂದೆ ನಡೆದೆ. ಬಾವುಟಗಳು ಒಂದು ಮನೆಯ ಅಂಗಳಕ್ಕೆ ಕರೆದುಕೊಂಡು ಹೋದವು. ಶಾಮಿಯಾನ ಹಾಕಿ ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟಿದ್ದರು. ಬಾಗಿಲಲ್ಲಿ ಒಬ್ಬಾತ ವೀಳ್ಯದೆಲೆ ಜೋಡಿಸಿದ ತಟ್ಟೆ ಮುಂದೆ ಹಿಡಿದ. ಚಿಕ್ಕಮ್ಮ ಎರಡೂ ಕೈ ತಟ್ಟೆಯ ಮೇಲೆ ಆಡಿಸಿ ಕಣ್ಣಿಗೊತ್ತಿಕೊಂಡಳು, ಸೊಂಟದ ಚೀಲದಿಂದ ನಾಣ್ಯ ತೆಗೆದು ಎಲೆಯ ಮೇಲೆ ಹಾಕಿದಳು. ಬಂದವರು ಎಲೆ ಹಾಕಿಕೊಳ್ಳಲಿ ಅಂತ ಹಿಡಿದದ್ದನ್ನು ಮಂಗಳಾರತಿ ತಟ್ಟೆ ಅಂದುಕೊಂಡಿದ್ದಳು. ಆತ ನಾಣ್ಯವನ್ನೂ ನಮ್ಮನ್ನೂ ನೋಡಿದ.

ಆಮೇಲೆ ಚಿಕ್ಕಮ್ಮ ದೇವರನ್ನು ನೋಡಲು ಕತ್ತು ಎತ್ತಿದಳು. ಒಳಗೆ ದೀಪದ ನಡುವೆ ತೆರೆದ ಶವಪೆಟ್ಟಿಗೆಯಲ್ಲಿ ಒಬ್ಬ ಹುಡುಗ ಮಲಗಿದ್ದ.

ನಾನು ಅವಳ ರಟ್ಟೆ ಹಿಡಿದು ಎಳೆದೆ. ಅವಳು ಅಲ್ಲಾಡಲಿಲ್ಲ.

ಬಿಳಿ ಬಾವುಟದ ಮನೆ

ನಮ್ಮನ್ನು ಕಾಪಾಡಿದ್ದು ಕುಮಾರಿ ಅಕ್ಕ. ಅವರು ಅಲ್ಲೇ ಇದ್ದರು, ಸತ್ತ ಹುಡುಗ ಅವರ ಬೀದಿಯವನೇ. ಹೆಸರು ನುವನ್. ಬೈಕಿನಿಂದ ಬಿದ್ದು ತೀರಿಹೋಗಿದ್ದ. ಬಾವುಟ ಅಂದರೆ ಇಲ್ಲಿ ಸಾವಿನ ಮನೆಯ ಗುರುತು, ದಾರಿ ಗೊತ್ತಿಲ್ಲದವರಿಗೆ ದಾರಿ ತೋರಿಸಲು ಕಟ್ಟುತ್ತಾರೆ ಅಂತ ವಿವರಿಸಿದರು. ನಾನು ಕ್ಷಮೆ ಕೇಳುತ್ತಲೇ ಇದ್ದೆ. "ಪರವಾಗಿಲ್ಲ, ಬಾವುಟ ದಾರಿ ಸರಿಯಾಗಿಯೇ ತೋರಿಸಿದೆಯಲ್ಲ," ಅಂದರು.

ನಮ್ಮ ಕಡೆ ಸಾವಿನ ಮನೆಗೆ ಹೋದವರು ಬಾಗಿಲಲ್ಲೇ ಒಂದು ಗಳಿಗೆ ನಿಂತು, ಕೈ ಹಿಡಿದು, ಹೋಗಿ ಬರುತ್ತೇನೆ ಅಂತ ಕೂಡ ಹೇಳದೆ ಹೊರಟು, ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಇಲ್ಲಿ ಜನ ಬಂದು ಕುರ್ಚಿ ಎಳೆದು ಕೂರುತ್ತಾರೆ. ಟೀ ಕುಡಿಯುತ್ತಾರೆ, ಕೇರಂ ಆಡುತ್ತಾರೆ, ಎದ್ದೇ ಹೋಗುವುದಿಲ್ಲ. ಸತ್ತವನ ತಾಯಿ ಸೋಮಾವತಿ ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ ಕೂತಿದ್ದರು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಆ ಬಿದ್ದ ದನಿಯಲ್ಲೇ ಮಗನ ಮೇಲೆ ದೂರು ಹೇಳುತ್ತಿದ್ದರು, ಕುಮಾರಿ ಅಕ್ಕ ನನಗೆ ಇಂಗ್ಲಿಷಿಗೆ ತಿರುಗಿಸಿದರು: ಸಿಗರೇಟು ಸೇದಿ ಬಂದು ಸೀಬೆ ಎಲೆ ಅಗಿಯುತ್ತಿದ್ದನಂತೆ, ಅಮ್ಮನಿಗೆ ವಾಸನೆ ಬರಬಾರದು ಅಂತ. ಸುತ್ತ ಕೂತವರು ನಕ್ಕರು. ಅವರೂ ನಕ್ಕು, ಅದೇ ಉಸಿರಿನಲ್ಲಿ ಮತ್ತೆ ಅತ್ತರು.

"ಹೆಣದ ಮುಂದೆ ನಗ್ತಾವ್ರಲ್ಲೇ," ಅಂತ ಚಿಕ್ಕಮ್ಮ ನನ್ನ ಕಿವಿಯಲ್ಲಿ ಅಂದಳು. ಆದರೆ ಹೋಗಿ ಆ ಚಾಪೆಯ ಅಂಚಿನಲ್ಲಿ ಕೂತಳು, ರೇಷ್ಮೆ ಸೀರೆಯಲ್ಲೇ.

ಕುಮಾರಿ ಅಕ್ಕ ಸೋಮಾವತಿಗೆ ಏನೋ ಹೇಳಿದರು. ಈಕೆಗೂ ಮಗಳು ಹೋಗಿದ್ದಾಳೆ ಅಂತ ನಾನೇ ಅವರಿಗೆ ಹೇಳಿದ್ದೆ. ಸೋಮಾವತಿ ಚಿಕ್ಕಮ್ಮನ ಕಡೆ ತಿರುಗಿ ಏನೋ ಕೇಳಿದರು. "ನಿಮ್ಮ ಮಗಳ ಬಗ್ಗೆ ಹೇಳಿ ಅಂತಿದಾರೆ," ಅಂದರು ಕುಮಾರಿ ಅಕ್ಕ ಇಂಗ್ಲಿಷಿನಲ್ಲಿ. ನಾನು ಕನ್ನಡಕ್ಕೆ ಇಳಿಸಿದೆ.

ಚಿಕ್ಕಮ್ಮ ಪಾಠ ಒಪ್ಪಿಸಿದ ಹಾಗೆ ಶುರುಮಾಡಿದಳು. "ಸೋಮವಾರ ಜ್ವರ ಬಂತು. ಮಾತ್ರೆ ಕೊಟ್ಟೊ. ಬಿಡ್ಲಿಲ್ಲ. ಆಸ್ಪತ್ರೆಗೆ ಆಕುದ್ರೆ ರಕ್ತದಲ್ಲಿ ಅದೇನೋ ಇಳಿದೋಗದೆ ಅಂದ್ರು..." ನಮ್ಮಲ್ಲಿ ಬಂದವರೆಲ್ಲ ಕೇಳಿದ್ದು ಅದನ್ನೇ ತಾನೆ? ಹೆಂಗಾಯ್ತು, ಯಾವ ಆಸ್ಪತ್ರೆ, ಮೊದಲೇ ಬೆಂಗಳೂರಿಗೆ ಹೋಗಬಾರದಾಗಿತ್ತಾ. ಅದನ್ನು ಮಾತ್ರ ಅವಳು ಎಷ್ಟು ಸಲ ಹೇಳಿದ್ದಳೋ.

ಸೋಮಾವತಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಲೆ ಅಲ್ಲಾಡಿಸಿ ಇನ್ನೇನೋ ಅಂದರು.

"ಹೇಗೆ ಸತ್ತಳು ಅಂತ ಅಲ್ಲ, ಎಂಥ ಹುಡುಗಿ ಅಂತ ಕೇಳ್ತಿದಾರೆ."

ಚಿಕ್ಕಮ್ಮ ಎದ್ದು ಅಂಗಳಕ್ಕೆ ಹೊರಟುಬಿಟ್ಟಳು.

ತೆಂಗಿನ ತುರಿ

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಡುಗೆ ನೆರೆಯವರದು. ಇದರಲ್ಲಿ ಅವರಿಗೂ ನಮಗೂ ವ್ಯತ್ಯಾಸವಿಲ್ಲ. ಮಾರನೇ ದಿನ ಬೆಳಗ್ಗೆ ಕುಮಾರಿ ಅಕ್ಕನ ಹಿತ್ತಲಲ್ಲಿ ಊರಿನ ಹೆಂಗಸರೆಲ್ಲ ಸೇರಿದ್ದರು. ನಾನು ಎದ್ದು ನೋಡಿದರೆ ಚಿಕ್ಕಮ್ಮ ಅವರ ನಡುವೆ ತುರಿಯುವ ಮಣೆಯ ಮೇಲೆ ಕೂತಿದ್ದಾಳೆ. ಹಿರಮನೆ ಅನ್ನುತ್ತಾರೆ ಅದಕ್ಕೆ. ಕುಮಾರಿ ಅಕ್ಕನ ಬಿಳಿ ಸೀರೆ ಉಟ್ಟು, ಸೆರಗು ಸಿಕ್ಕಿಸಿ, ಹೋಳಿನ ಮೇಲೆ ಹೋಳು ತುರಿಯುತ್ತಿದ್ದಾಳೆ.

"ಚಿಕ್ಕಮ್ಮ, ಹತ್ತೂವರೆಗೆ ಅನುರಾಧಪುರದ ಬಸ್ಸು."

"ನೀನೋಗಿ ಬಾ."

"ನಿನಗೋಸ್ಕರ ತಾನೇ ಬಂದಿದ್ದು?"

"ಅಂಗಾದ್ರೆ ಕೂತ್ಕೊ. ಈರುಳ್ಳಿ ಬಿಡಿಸು. ಬಾಯಿ ಒಂದೇ ಆಡಿಸ್ಬ್ಯಾಡ, ಕೈನೂ ಆಡ್ಲಿ."

ಅವಳ ಎಡಕ್ಕೆ ಕೂತಿದ್ದ ಹೆಂಗಸು ಸಿಂಹಳದಲ್ಲಿ ಮಾತಾಡುತ್ತಿದ್ದಳು, ಚಿಕ್ಕಮ್ಮ ಅರಕಲಗೂಡು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಕಾಯಿ ಎಳೆಯದು, ಹಾಲು ಬರಲ್ಲ ಅನ್ನುವುದು ವಿಷಯ ಅಂತ ಕಾಣುತ್ತದೆ, ಇಬ್ಬರೂ ಒಪ್ಪಿದರು. ಅನುವಾದಕ್ಕೆ ನಾನು ಬೇಕಾಗಲಿಲ್ಲ.

ನಡುಮಧ್ಯಾಹ್ನ ಟೀ ಕೊಡಲು ಹೋದಾಗ ಆ ನೆಗಡಿಯ ಭಿಕ್ಷು ಶಾಮಿಯಾನದಲ್ಲಿ ಒಬ್ಬರೇ ಸಿಕ್ಕರು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನಾನು ಬಿಡುತ್ತೇನಾ?

"ಎಲ್ಲವೂ ಅನಿತ್ಯ ಅನ್ನುತ್ತೀರಿ. ಹಾಗಿದ್ದರೆ ಆ ತಾಯಿ ಅಳುವುದು ಅಜ್ಞಾನ ಅಂತ ಆಯಿತಲ್ಲ?"

"ಹಾಗೆ ನಾನು ಅಂದೆನಾ?"

"ನೀವು ಅನ್ನಲಿಲ್ಲ. ನಿಮ್ಮ ತರ್ಕ ಅನ್ನುತ್ತದೆ."

ಅವರು ಮೂಗು ಒರೆಸಿಕೊಂಡರು. "ಬುದ್ಧ ಎಲ್ಲಕ್ಕಿಂತ ಮೊದಲು ಹೇಳಿದ್ದು ದುಃಖ ಇದೆ ಅಂತ. ಅಳಬೇಡ ಅಂತ ಅಲ್ಲ. ಮೊದಲನೆಯದನ್ನೇ ಒಪ್ಪದವರಿಗೆ ಮುಂದಿನದು ಹೇಳಿ ಏನು ಪ್ರಯೋಜನ?"

"ಆಸೆಯೇ ದುಃಖಕ್ಕೆ ಕಾರಣ ಅಂತ ಮುಂದಿನದರಲ್ಲಿ ಬರುತ್ತದೆ. ಸತ್ತ ಮಗಳ ಮೇಲೆ ನಮ್ಮ ಚಿಕ್ಕಮ್ಮನಿಗಿರುವ ಪ್ರೀತಿಯೂ ಆಸೆಯಾ?"

"ಪ್ರೀತಿ ಅಲ್ಲ. ಮಗಳು ಇವತ್ತೂ ಇರಲೇಬೇಕು ಅನ್ನುವ ಹಟ."

"ಅದು ಕೂದಲು ಸೀಳುವ ಮಾತು."

"ಹೌದು," ಅಂತ ಅವರು ನಕ್ಕರು. "ನಮ್ಮಮ್ಮ ಹೋದಾಗ ನನಗೂ ಹಾಗೇ ಅನಿಸಿತು. ಪ್ರೀತಿ ಎಲ್ಲಿ ಮುಗಿಯುತ್ತೆ, ಹಟ ಎಲ್ಲಿ ಶುರುವಾಗುತ್ತೆ ಅಂತ ಈಗಲೂ ನನಗೆ ಗೊತ್ತಿಲ್ಲ. ನಮ್ಮ ಗುರುಗಳು ಪಾಠ ಹೇಳಲಿಲ್ಲ. ನಾನು ಅಳುವಾಗ ಪಕ್ಕದಲ್ಲಿ ಕೂತಿದ್ದರು. ಎದ್ದು ಹೋಗಲಿಲ್ಲ. ಕರುಣೆ ಅಂದರೆ ಅಷ್ಟೇ ಇರಬಹುದು."

"ಇರಬಹುದು ಅನ್ನುವುದು ವಾದವಲ್ಲ."

"ಅಲ್ಲ," ಅಂತ ಒಪ್ಪಿಕೊಂಡು ಟೀ ಕುಡಿದರು. ಎದುರಾಳಿ ಒಪ್ಪಿಕೊಂಡರೆ ಅಂಕ ನನಗೆ ಸೇರಬೇಕು. ಆದರೆ ನನ್ನ ಮನಸ್ಸು ಅರಕಲಗೂಡಿಗೆ ಹೋಗಿತ್ತು. ಅಲ್ಲಿ ಚಿಕ್ಕಮ್ಮನಿಗೆ ನಾವೆಲ್ಲ ಸಮಾಧಾನ ಹೇಳಿದ್ದೆವು, ಹೇಳಿ ಎದ್ದು ಬಂದಿದ್ದೆವು.

ಮಣ್ಣು ಮಾಡಿದ ದಿನ

ಆ ದಿನ ಭಿಕ್ಷುಗಳ ಎದುರು ಮಡಿಚಿದ ಬಿಳಿ ಬಟ್ಟೆ ಇಟ್ಟು, ಸತ್ತವನ ಹೆಸರಿನಲ್ಲಿ ದಾನವಾಗಿ ಒಪ್ಪಿಸಿದರು. ಪೆಟ್ಟಿಗೆಯ ಮುಂದೆ ಒಂದು ತಟ್ಟೆ, ತಟ್ಟೆಯಲ್ಲಿ ಖಾಲಿ ಬಟ್ಟಲು, ಪಕ್ಕದಲ್ಲಿ ನೀರು ತುಂಬಿದ ಹೂಜಿ. ಭಿಕ್ಷುಗಳು ಪಠಿಸುವಾಗ ಮನೆಯವರು ಬಟ್ಟಲು ತುಂಬಿ ಹೊರಚೆಲ್ಲುವ ತನಕ ನೀರು ಸುರಿಯಬೇಕು. ಮಾಡಿದ ಪುಣ್ಯ ಹಾಗೇ ತುಂಬಿ ಹರಿದು, ಸತ್ತವರಿಗೆ ಸೇರುತ್ತದಂತೆ. ಎಳ್ಳುನೀರು ಬಿಡುವ ನಮ್ಮ ಪದ್ಧತಿಯ ನೆಂಟನೇ ಇದು. ಆದರೆ ನಮ್ಮಲ್ಲಿ ಅದು ಗಂಡಸರ ಕೆಲಸ, ತಾಯಿ ಒಳಗೆ ಇರುತ್ತಾಳೆ. ಇಲ್ಲಿ ಹೂಜಿ ಹಿಡಿದದ್ದು ತಾಯಿಯೇ. ಹುಡುಗನ ಅಕ್ಕ, ಮಾವ, ಗೆಳೆಯರೆಲ್ಲ ಒಬ್ಬರ ತೋಳು ಒಬ್ಬರು ಹಿಡಿದುಕೊಂಡರು. ಕೈ ಎಟುಕದವರು ಮುಂದಿನವರ ಭುಜ ಮುಟ್ಟಿದರು.

ಪುಣ್ಯ ನೀರಿನಲ್ಲಿ ಹರಿಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆಗಲೂ ಒಪ್ಪಲಿಲ್ಲ, ಇದನ್ನು ಬರೆಯುವಾಗಲೂ ಒಪ್ಪಿಲ್ಲ.

ಸೋಮಾವತಿ ಹೂಜಿ ಎತ್ತಿದವರು ನಿಲ್ಲಿಸಿ ಹಿಂದೆ ತಿರುಗಿ ನೋಡಿದರು. ಏನೋ ಹೇಳಿದರು. ಜನ ದಾರಿ ಬಿಟ್ಟರು. ಕುಮಾರಿ ಅಕ್ಕ ಚಿಕ್ಕಮ್ಮನನ್ನು ಮುಂದೆ ತಂದು ಸೋಮಾವತಿಯ ಪಕ್ಕ ಕೂರಿಸಿದರು. "ಇವರ ಮಗಳಿಗೂ ಸೇರಲಿ ಅಂತಿದಾರೆ. ಹೆಸರು ಹೇಳಬೇಕು."

ನಾನೇ ಹೇಳಿಬಿಡೋಣ ಅಂದುಕೊಂಡೆ. ಅಷ್ಟೂ ಜನ ಕಾಯುತ್ತಿದ್ದರು, ಯಾರಿಗೂ ಅವಸರವಿರಲಿಲ್ಲ. ಭಿಕ್ಷು ಮಾತ್ರ ಒಂದು ಸಲ ಸೀನಿದರು.

"ಸಿಂಚನ," ಅಂದಳು ಚಿಕ್ಕಮ್ಮ. ಗಂಟಲಿಂದ ಹೊರಗೇ ಬರಲಿಲ್ಲ. ಇನ್ನೊಂದು ಸಲ, ಹಿತ್ತಲಲ್ಲಿ ಆಡುವ ಮಗುವನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ ಅಂದಳು: "ಸಿಂಚನಾ!"

ಭಿಕ್ಷು ಅದನ್ನು ತಮ್ಮ ಪಠಣದಲ್ಲಿ ಸೇರಿಸಿದರು, ನುವನ್ ಹೆಸರಿನ ಪಕ್ಕಕ್ಕೆ. ಉಚ್ಚಾರ ಕೆಟ್ಟಿತು. ನೀರು ಬಟ್ಟಲು ತುಂಬಿ ತಟ್ಟೆಗೆ ಇಳಿಯಿತು. ಚಿಕ್ಕಮ್ಮ ಸೋಮಾವತಿಯ ಮಣಿಕಟ್ಟು ಹಿಡಿದಿದ್ದಳು, ನಾನು ಚಿಕ್ಕಮ್ಮನ ಮೊಣಕೈ ಹಿಡಿದಿದ್ದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ. ಆಮೇಲೆ ಅವಳು ಅತ್ತಳು. ತಿಂಗಳುಗಟ್ಟಲೆ ಕಟ್ಟಿಟ್ಟದ್ದು ಬಂತು, ಮೈ ಎಲ್ಲ ಅಲುಗಿತು. ಅಳಬೇಡ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಸಿಂಹಳದಲ್ಲಿ ಅಂದಿರುತ್ತಿದ್ದರು, ಅವಳಿಗೆ ತಿಳಿಯುತ್ತಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಎಲ್ಲರಿಗೂ ಊಟ. ಅನ್ನ, ಒಣಮೀನು, ಕುಂಬಳಕಾಯಿ. ಆಗಲೇ ಭಿಕ್ಷು ನಮ್ಮ ಕೈಗೆ ದಾರ ಕಟ್ಟಿದ್ದು, ಪ್ರಯಾಣ ಸುಖವಾಗಲಿ ಅಂತ. ಚಿಕ್ಕಮ್ಮ ಎರಡು ಸಲ ಅನ್ನ ಹಾಕಿಸಿಕೊಂಡಳು. ಊಟದ ನಡುವೆ ತಾನಾಗಿ ಸೋಮಾವತಿಯ ಕಡೆ ತಿರುಗಿ, "ಜಗಳಗಂಟಿ ಕಣವ್ವ ನನ್ ಮಗಳು," ಅಂದಳು. "ಮೊಸರನ್ನಕ್ಕೆ ಸಕ್ಕರೆ ಬೇಕು ಅಂತ ನೆಲಕ್ಕೆ ಬಿದ್ದು ಒರಳಾಡೋಳು. ಇವಳ ಜೊತೆ ಮಾತಿಗೆ ನಿಂತ್ರೆ ಇವಳ್ನೇ ಅಳಿಸೋಳು." ಇವಳು ಅಂದರೆ ನಾನು. ಅದು ಶುದ್ಧ ಸುಳ್ಳು, ಅಳಿಸಿದ್ದು ಒಂದೇ ಒಂದು ಸಲ. ಆದರೂ ಕುಮಾರಿ ಅಕ್ಕನಿಗೆ ನಿಷ್ಠೆಯಿಂದ ಅನುವಾದ ಮಾಡಿದೆ.

ಅರಕಲಗೂಡು ರಸ್ತೆ

ನಾವು ವಾಪಸು ಬಂದಾಗ ಚಿಕ್ಕಪ್ಪ ಹಾಸನಕ್ಕೆ ಓಮ್ನಿ ತಂದಿದ್ದರು. ಚಿಕ್ಕಮ್ಮ ಮುಂದೆ ಕೂತಳು, ನಾನು ಹಿಂದೆ, ಗೊಬ್ಬರದ ಖಾಲಿ ಚೀಲಗಳ ಜೊತೆ. "ಚೆನ್ನಾಗಿತ್ತಾ?" ಅಂತ ಕೇಳಿ ಚಿಕ್ಕಪ್ಪ ಗಾಡಿ ಬಿಟ್ಟರು. ಉತ್ತರ ಬರುತ್ತದೆ ಅಂತ ಅವರಿಗೆ ನಿರೀಕ್ಷೆ ಇದ್ದ ಹಾಗೆ ಕಾಣಲಿಲ್ಲ.

ಅರಕಲಗೂಡು ಹತ್ತಿರವಾಗುವಾಗ ಒಂದು ಹುಡುಗಿ ಸ್ಕೂಟಿ ಕಲಿಯುತ್ತ ಎದುರಿಗೆ ಬಂದಳು. ಅವಳಪ್ಪ ಹಿಂದೆ ಓಡುತ್ತಿದ್ದ. ಚಿಕ್ಕಪ್ಪ ಗಾಡಿ ನಿಧಾನ ಮಾಡಿ ದಾರಿ ಬಿಟ್ಟರು.

"ಸಿಂಚನಾನೂ ಇಂಗೇ ಅಲ್ವೇನ್ರೀ," ಅಂದಳು ಚಿಕ್ಕಮ್ಮ. "ನೀವು ಇಂದೆ ಓಡ್ತಿದ್ರಿ. ಬ್ರೇಕು ಹಿಡಿಯೇ ಅಂದ್ರೆ ಆರನ್ ಒಡೆದ್ಲು. ಓಗಿ ಉಲ್ಲಿನ ಮೆದೆಗೆ ಬಿದ್ಲು."

ಚಿಕ್ಕಪ್ಪ ಗಾಡಿಯನ್ನು ಪೂರ್ತಿ ನಿಲ್ಲಿಸಿದರು. ಕನ್ನಡಿಯಲ್ಲಿ ನನಗೆ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಇನ್ನೇನು ಗೊಬ್ಬರದ ಮಾತೋ ಮಳೆಯ ಮಾತೋ ಬರುತ್ತದೆ ಅಂತ ಕಾದೆ. ಚಿಕ್ಕಮ್ಮನೂ ಕಾದಳು. ಅವಳು ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಬೇರೆ ಮಾತೂ ಎತ್ತಲಿಲ್ಲ, ಅವರ ಕಡೆ ತಿರುಗಿ ಸುಮ್ಮನೆ ಕೂತಿದ್ದಳು. ಸ್ಕೂಟಿ ದಾಟಿಹೋಯಿತು. ಗಾಡಿ ನಿಂತೇ ಇತ್ತು. ಹಿಂದಿನ ಟ್ರ್ಯಾಕ್ಟರಿನವನು ಬೈದುಕೊಂಡು ಪಕ್ಕದಲ್ಲಿ ಹೋದ.

"ಮೆದೆಗಲ್ಲ," ಅಂದರು ಚಿಕ್ಕಪ್ಪ. "ತಿಪ್ಪೆಗೆ ಬಿದ್ದಿದ್ದು. ಮೂಗಿನ ತನಕ ಸಗಣಿ. ಎದ್ದು ನನ್ನೇ ಬೈದ್ಲು."

ಚಿಕ್ಕಮ್ಮ ಬಾಯಿಗೆ ಸೆರಗು ಹಿಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನಿಂದ ಗೊತ್ತಾಗಲಿಲ್ಲ. ಚಿಕ್ಕಪ್ಪ ಇಂಜಿನ್ ಆಫ್ ಮಾಡಿದರು. ನಾನು ಸೀಟಿನ ನಡುವೆ ತಲೆ ತೂರಿಸಿದೆ.

"ಏನಂತ ಬೈದ್ಲು, ಚಿಕ್ಕಪ್ಪ?"